ಆನ್ ಲೋಕ್: ಚೈನಾಟೌನ್ ಹಿರಿಯರ ಹಗಲು ಕೇಂದ್ರ

ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೈನಾಟೌನ್ ಮತ್ತು ಅದಕ್ಕೆ ಅಂಟಿಕೊಂಡಿರುವ ನಾರ್ತ್ ಬೀಚ್ ಬಡಾವಣೆಯ ವಯಸ್ಸಾದ ವಲಸಿಗರಿಗಾಗಿ 1971ರಲ್ಲಿ ಹುಟ್ಟಿಕೊಂಡ ಸಂಸ್ಥೆ ಆನ್ ಲೋಕ್. ಕೈಕಾಲು ಸೋತ ಹಿರಿಯರನ್ನು ಅವರ ಮನೆಯಿಂದ ಬಿಡಿಸಿ ದೂರದ ನಿಲಯವೊಂದರಲ್ಲಿ ಇರಿಸುವುದು ಅಂದಿನ ರೂಢಿ. ಆನ್ ಲೋಕ್ ಅವರನ್ನು ಬೆಳಿಗ್ಗೆ ವ್ಯಾನಿನಲ್ಲಿ ಕರೆತಂದು, ಊಟ, ಔಷಧ, ವ್ಯಾಯಾಮ, ಮಾತುಕತೆ ಎಲ್ಲವನ್ನೂ ಒಂದೇ ಸೂರಿನಡಿ ಒದಗಿಸಿ ಸಂಜೆ ಮನೆಗೆ ಮುಟ್ಟಿಸತೊಡಗಿತು. ಈ ಕ್ರಮವೇ ಮುಂದೆ 'ಪೇಸ್' ಎಂಬ ಹೆಸರಿನಲ್ಲಿ ಅಮೆರಿಕದ ರಾಷ್ಟ್ರೀಯ ಕಾನೂನಿನೊಳಗೆ ಸೇರಿತು. ವಲಸೆ ಬಂದ ಮುದುಕರ ಒಂಟಿತನವನ್ನು ಬರೀ ಮನಸ್ಸಿನ ನೋವೆಂದು ನೋಡದೆ, ಆಡಳಿತದ ಏರ್ಪಾಡಿನಿಂದ ತಗ್ಗಿಸಬಹುದಾದ ಸಮಸ್ಯೆಯೆಂದು ಕೈಗೆತ್ತಿಕೊಂಡಿದ್ದು ಈ ಸಂಸ್ಥೆಯ ದೊಡ್ಡ ಸಾಧನೆ.

ಆ ಒಂಟಿತನದ ಬೇರು ಹತ್ತೊಂಬತ್ತನೆಯ ಶತಮಾನದ ಕಾನೂನುಗಳಲ್ಲಿದೆ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಿಂದ, ಅದರಲ್ಲೂ ಟೊಯ್ಸಾನ್ ಸೀಮೆಯಿಂದ, ಸಾವಿರಾರು ಗಂಡಸರು ಚಿನ್ನದ ಗಣಿಗಳಿಗೂ ರೈಲುಹಾದಿಯ ಕೆಲಸಕ್ಕೂ ಕ್ಯಾಲಿಫೋರ್ನಿಯಾಕ್ಕೆ ಬಂದರು. 1875ರ ಪೇಜ್ ಕಾಯ್ದೆ ಚೀನಾದ ಹೆಂಗಸರ ಪ್ರವೇಶವನ್ನು ಬಹುಮಟ್ಟಿಗೆ ತಡೆಯಿತು. 1882ರ ಚೀನಿಯರ ಬಹಿಷ್ಕಾರ ಕಾಯ್ದೆ ಕೂಲಿಕಾರರ ವಲಸೆಯನ್ನೇ ನಿಲ್ಲಿಸಿತು. 1890ರ ಹೊತ್ತಿಗೆ ಅಮೆರಿಕದಲ್ಲಿದ್ದ ಚೀನಿಯರಲ್ಲಿ ಸುಮಾರು 27 ಗಂಡಸರಿಗೆ ಒಬ್ಬ ಹೆಂಗಸು. ಬಿಳಿಯರನ್ನು ಮದುವೆಯಾಗುವುದಕ್ಕೂ ಕ್ಯಾಲಿಫೋರ್ನಿಯಾದಲ್ಲಿ ನಿಷೇಧವಿತ್ತು; ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ್ದು 1948ರಲ್ಲಿ. ಊರಿನಲ್ಲಿ ಹೆಂಡತಿ ಮಕ್ಕಳಿದ್ದವರು ವರ್ಷಗಟ್ಟಲೆ ಹಣ ಕಳಿಸುತ್ತಾ ಇಲ್ಲಿ ಒಬ್ಬರೇ ಉಳಿದರು, ಇಲ್ಲದವರು ಅವಿವಾಹಿತರಾಗಿಯೇ ಮುಪ್ಪಾದರು. 1943ರಲ್ಲಿ ಬಹಿಷ್ಕಾರ ರದ್ದಾದರೂ ವರ್ಷಕ್ಕೆ 105 ಚೀನಿಯರಿಗೆ ಮಾತ್ರ ಅವಕಾಶ ಎಂಬ ಮಿತಿ ಬಂತು. ದೇಶವಾರು ಮಿತಿಯ ಹಳೆಯ ಪದ್ಧತಿ ಮುರಿದದ್ದು 1965ರ ವಲಸೆ ಕಾಯ್ದೆಯಿಂದ. ಬಹಿಷ್ಕಾರದ ಕಾಲದಲ್ಲಿ ಒಂಟಿಯಾಗಿ ಉಳಿದ ಅನೇಕರು ಅಷ್ಟರಲ್ಲಿ ಮುದುಕರಾಗಿದ್ದರು. ಕುಟುಂಬ ಕಟ್ಟುವ ವಯಸ್ಸಿನಲ್ಲಿ ಕಾನೂನು ಅಡ್ಡ ನಿಂತಿತ್ತು. ಕಾನೂನು ಸಡಿಲವಾದಾಗ ಆ ವಯಸ್ಸು ಕಳೆದುಹೋಗಿತ್ತು.

ಇವರು ವಾಸವಾಗಿದ್ದದ್ದು ಹಳೆಯ ಹೋಟೆಲ್ ಕಟ್ಟಡಗಳ ಒಂಟಿ ಕೋಣೆಗಳಲ್ಲಿ. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ತೂಗುಹಾಕಿದ ಬಟ್ಟೆ. ಅಡುಗೆಮನೆಯೂ ಶೌಚಾಲಯವೂ ಇಡೀ ಮಹಡಿಗೆ ಒಂದೇ. ಕಾಲಿನಲ್ಲಿ ಬಲವಿರುವವರೆಗೆ ಈ ಬದುಕಿಗೂ ಒಂದು ಲಯವಿತ್ತು. ಸ್ಟಾಕ್‌ಟನ್ ರಸ್ತೆಯಲ್ಲಿ ತರಕಾರಿ ಕೊಳ್ಳುವುದು, ಪೋರ್ಟ್ಸ್‌ಮೌತ್ ಚೌಕದ ಕಟ್ಟೆಗಳಲ್ಲಿ ಕೂತು ಚೀನೀ ಚದುರಂಗ ಆಡುವುದು, ಊರಿನವರ ಸಂಘದ ಕಚೇರಿಯಲ್ಲಿ ಪತ್ರಿಕೆ ಓದುವುದು. ಮಂಡಿ ನೋವು ಬಂದು ಲಿಫ್ಟ್ ಇಲ್ಲದ ಕಟ್ಟಡದ ಮೆಟ್ಟಿಲಿಳಿಯುವುದು ಕಷ್ಟವಾದ ದಿನ ಇದೆಲ್ಲವೂ ಒಟ್ಟಿಗೆ ಕೈತಪ್ಪುತ್ತಿತ್ತು. ಸ್ನೇಹಿತರು ಎರಡು ಬೀದಿ ಆಚೆಗಿದ್ದರೂ ಅವರನ್ನು ಕಾಣುವ ದಾರಿ ಮುಚ್ಚಿಹೋಗುತ್ತಿತ್ತು. ಒಂಟಿತನ ಅವರ ಪಾಲಿಗೆ ಬಂದದ್ದು ಬಹುತೇಕ ಈ ಮೆಟ್ಟಿಲುಗಳ ರೂಪದಲ್ಲಿ.

ಚೀನಿಯರದೇ ಪಾಡು ಇದಾಗಿರಲಿಲ್ಲ. ಪಕ್ಕದ ಕೆರ್ನಿ ರಸ್ತೆಯಲ್ಲಿ ಫಿಲಿಪೀನ್ಸಿನಿಂದ 1920 ಮತ್ತು 30ರ ದಶಕಗಳಲ್ಲಿ ಹೊಲಗದ್ದೆಗಳಿಗೂ ಮೀನಿನ ಕಾರ್ಖಾನೆಗಳಿಗೂ ಬಂದ ಗಂಡಸರು ಮುದುಕರಾಗಿ ನೆಲೆಸಿದ್ದರು. ಕಿರಿಯರು ಅವರನ್ನು 'ಮನೋಂಗ್' ಎಂದು, ಅಣ್ಣನೆಂಬ ಗೌರವದಿಂದ ಕರೆಯುತ್ತಿದ್ದರು. ಮದುವೆಯ ನಿಷೇಧ 1933ರಲ್ಲಿ ಅವರಿಗೂ ಅನ್ವಯವಾಯಿತು; 1934ರ ಕಾಯ್ದೆ ಫಿಲಿಪೀನ್ಸಿನವರ ವಲಸೆಯನ್ನು ವರ್ಷಕ್ಕೆ 50ಕ್ಕೆ ಇಳಿಸಿತು. ನಾರ್ತ್ ಬೀಚಿನಲ್ಲಿ ಮಕ್ಕಳು ಉಪನಗರಗಳಿಗೆ ಹೊರಟುಹೋದ ಮೇಲೆ ಉಳಿದುಕೊಂಡ ಇಟಲಿಯ ವೃದ್ಧೆಯರೂ ವೃದ್ಧರೂ ಇದ್ದರು. ಮೂರು ಭಾಷೆಯ ಹಿರಿಯರು ಕೆಲವೇ ಬೀದಿಗಳ ಒಳಗೆ, ತಮ್ಮ ತಮ್ಮ ಕೋಣೆಗಳಲ್ಲಿ ವಯಸ್ಸಾಗುತ್ತಿದ್ದರು.

1960ರ ದಶಕದ ಕೊನೆಗೆ ನಗರದಲ್ಲಿ ಹಲವು ಕಡೆ ಕೆಲಸ ಶುರುವಾಗಿತ್ತು. ಬಡತನ ನಿವಾರಣೆಯ ಸರ್ಕಾರಿ ಯೋಜನೆಗಳ ಕಾಲದಲ್ಲಿ, 1966ರಲ್ಲಿ, 'ಸೆಲ್ಫ್ ಹೆಲ್ಪ್ ಫಾರ್ ದಿ ಎಲ್ಡರ್ಲಿ' ಚೈನಾಟೌನಿನಲ್ಲಿ ಆರಂಭವಾಯಿತು. ಜಪಾನ್‌ಟೌನಿನಲ್ಲಿ ಮೂರನೆಯ ತಲೆಮಾರಿನ ಯುವಕರು 1971ರಲ್ಲಿ 'ಕಿಮೋಚಿ' ಸಂಸ್ಥೆ ಕಟ್ಟಿ ತಮ್ಮ ಅಜ್ಜ ಅಜ್ಜಿಯರ ಪೀಳಿಗೆಗೆ, ಅಂದರೆ ಯುದ್ಧಕಾಲದ ಬಂಧನ ಶಿಬಿರಗಳನ್ನು ಕಂಡುಬಂದವರಿಗೆ, ಜಪಾನೀ ಬಿಸಿಯೂಟ ಹಾಕತೊಡಗಿದರು. 1972ರಲ್ಲಿ ಹಿರಿಯ ಅಮೆರಿಕನ್ನರ ಕಾಯ್ದೆಗೆ ಬಂದ ತಿದ್ದುಪಡಿ ದೇಶದಾದ್ಯಂತ ಹಿರಿಯರ ಸಹಭೋಜನಕ್ಕೆ ಕೇಂದ್ರ ಸರ್ಕಾರದ ಹಣ ಒದಗಿಸಿತು. ಮನೆಬಾಗಿಲಿಗೆ ಡಬ್ಬಿ ತಲುಪಿಸಿದರೆ ಹಸಿವು ನೀಗುತ್ತದೆ. ಒಂದೇ ಮೇಜಿನ ಸುತ್ತ ಕೂಡಿಸಿ ಬಡಿಸಿದರೆ ಮಾತೂ ಹುಟ್ಟುತ್ತದೆ. ಸಹಭೋಜನದ ಯೋಜನೆಯ ಹಿಂದಿದ್ದ ತಿಳಿವಳಿಕೆ ಇದು.

ಆನ್ ಲೋಕ್ ಹುಟ್ಟಿದ್ದು ಬೇರೊಂದು ಪ್ರಶ್ನೆಯಿಂದ. ನಡೆಯಲಾಗದ, ಸ್ನಾನಕ್ಕೂ ನೆರವು ಬೇಕಾದ ಹಿರಿಯರು ಸಹಭೋಜನಕ್ಕೆ ಬರುವುದಾದರೂ ಹೇಗೆ? ಅಂಥವರಿಗೆ ಆಗ ಇದ್ದ ದಾರಿ ಒಂದೇ, ಶುಶ್ರೂಷಾ ನಿಲಯ. ಅದು ಬಡಾವಣೆಯಿಂದ ದೂರ. ಅಲ್ಲಿ ಟೊಯ್ಸಾನ್ ಅಥವಾ ಕ್ಯಾಂಟನೀಸ್ ಮಾತಾಡುವವರು ಸಿಗುವುದು ದುರ್ಲಭ. ತಟ್ಟೆಯಲ್ಲಿ ಅನ್ನದ ಬದಲು ಪರಿಚಯವಿಲ್ಲದ ಆಹಾರ. ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲ ಎಂಬ ಭಯ ಮುದುಕರಲ್ಲಿ ಗಟ್ಟಿಯಾಗಿತ್ತು. ದಂತವೈದ್ಯ ಡಾ. ವಿಲಿಯಂ ಜೀ ಮತ್ತು ಬಡಾವಣೆಯ ಇತರ ಮುಖಂಡರು ಸೇರಿ, ಚೈನಾಟೌನಿನಲ್ಲೇ ಒಂದು ಶುಶ್ರೂಷಾ ನಿಲಯ ಕಟ್ಟಬಹುದೇ ಎಂದು ಪರಿಶೀಲಿಸಲು ಸಮಾಜ ಕಾರ್ಯಕರ್ತೆ ಮರೀ-ಲೂಯಿಸ್ ಆನ್ಸಾಕ್ ಅವರನ್ನು ನೇಮಿಸಿಕೊಂಡರು. ಸ್ವಿಟ್ಜರ್ಲೆಂಡಿನಿಂದ ಬಂದ ಆನ್ಸಾಕ್ ಸ್ವತಃ ವಲಸಿಗರೇ. ಪರಿಶೀಲನೆಯ ನಂತರ ಅವರು ಕೊಟ್ಟ ಉತ್ತರ ಕೇಳಿದವರ ನಿರೀಕ್ಷೆಗೆ ವಿರುದ್ಧವಾಗಿತ್ತು. ಅಂಥ ಕಟ್ಟಡದ ಖರ್ಚು ಕೈಗೆಟುಕುವಂತಿಲ್ಲ. ಕಟ್ಟಿದರೂ ಅದು ಈ ಜನರ ರೀತಿನೀತಿಗೆ ಹೊಂದುವುದಿಲ್ಲ.

ಬದಲಿ ಮಾದರಿ ಇಂಗ್ಲೆಂಡಿನಲ್ಲಿ ಸಿಕ್ಕಿತು. ಆಕ್ಸ್‌ಫರ್ಡಿನ ಕೌಲಿ ರೋಡ್ ಆಸ್ಪತ್ರೆಯಲ್ಲಿ ವೃದ್ಧರ ವೈದ್ಯ ಲಯನೆಲ್ ಕಾಸಿನ್ 1950ರ ದಶಕದಲ್ಲಿ ಹಗಲು ಆಸ್ಪತ್ರೆ ನಡೆಸಿ ತೋರಿಸಿದ್ದರು. ರೋಗಿ ರಾತ್ರಿ ಮಲಗುವುದು ತನ್ನ ಮನೆಯಲ್ಲೇ; ಹಗಲಿನಲ್ಲಿ ಚಿಕಿತ್ಸೆ, ಫಿಸಿಯೋಥೆರಪಿ, ಊಟ ಆಸ್ಪತ್ರೆಯಲ್ಲಿ. ಚೈನಾಟೌನಿನ ಒಂಟಿ ಕೋಣೆಯ ಮುದುಕರಿಗೆ ಇದು ಇನ್ನೂ ಚೆನ್ನಾಗಿ ಒಪ್ಪುವಂಥದ್ದು. ಅವರಿಗೆ ಮಲಗಲು ಜಾಗವಿತ್ತು; ಇಲ್ಲದ್ದು ಹಗಲು ಕಳೆಯುವ ಜಾಗ.

ಮೊದಲ ಕೇಂದ್ರ 1973ರಲ್ಲಿ ನಾರ್ತ್ ಬೀಚಿನಲ್ಲಿ ಬಾಗಿಲು ತೆರೆಯಿತು. ಇಡೀ ಅಮೆರಿಕದಲ್ಲೇ ಅದು ವಯಸ್ಕರ ಹಗಲು ಆರೈಕೆಯ ಮೊದಮೊದಲ ಕೇಂದ್ರಗಳಲ್ಲಿ ಒಂದು. ಚೀನಾ, ಇಟಲಿ, ಫಿಲಿಪೀನ್ಸ್ ಮೂಲದ ಹಿರಿಯರು ಅಲ್ಲಿ ಒಟ್ಟಿಗೆ ಕೂತರು. ಚೀನಾ, ಇಟಲಿ, ಫಿಲಿಪೀನ್ಸ್‌ಗಳ ಭಾಷೆಗಳನ್ನು ಬಲ್ಲ ಸಿಬ್ಬಂದಿಯನ್ನು ಹುಡುಕಿ ಸೇರಿಸಿಕೊಳ್ಳಲಾಯಿತು; ಅಡುಗೆಯೂ ಬಂದವರ ನಾಲಿಗೆಗೆ ತಕ್ಕಂತೆ ಆಗಬೇಕಿತ್ತು. ಇದನ್ನು ಸಣ್ಣ ಸಂಗತಿಯೆಂದು ಎಣಿಸುವಂತಿಲ್ಲ. ನೋವು ಎಲ್ಲಿದೆ, ಹೇಗಿದೆ ಎಂಬುದನ್ನು ಹುಟ್ಟುಭಾಷೆಯಲ್ಲಿ ಹೇಳಲು ಸಾಧ್ಯವಾದಾಗ ವೈದ್ಯರ ಅರ್ಧ ಕೆಲಸ ಆದಂತೆ. ಮರೆವಿನ ಕಾಯಿಲೆ ಹತ್ತಿದವರು ಕೊನೆಗೆ ಕಲಿತ ಭಾಷೆಯನ್ನು ಮೊದಲು ಕಳೆದುಕೊಂಡು ಬಾಲ್ಯದ ಮಾತಿಗೆ ಮರಳುವುದು ಅನೇಕರಲ್ಲಿ ಕಂಡುಬರುತ್ತದೆ. ಆಗ ಸುತ್ತ ಆ ಭಾಷೆ ಬಲ್ಲವರಿಲ್ಲದಿದ್ದರೆ ತುಂಬಿದ ಕೋಣೆಯಲ್ಲೂ ಮನುಷ್ಯ ಒಬ್ಬಂಟಿ.

ಒಂದು ದಿನದ ನಡೆ ಹೀಗೆ. ವ್ಯಾನ್ ಮನೆಯ ಮುಂದೆ ನಿಲ್ಲುತ್ತದೆ. ಅಗತ್ಯವಿದ್ದರೆ ಸಹಾಯಕರು ಕೋಣೆಗೇ ಹೋಗಿ ಬಟ್ಟೆ ಹಾಕಿಸಿ, ಕೈಹಿಡಿದು ಇಳಿಸುತ್ತಾರೆ. ಕೇಂದ್ರದಲ್ಲಿ ಬಿಸಿ ಪಾನೀಯ, ನರ್ಸಿನಿಂದ ರಕ್ತದೊತ್ತಡದ ತಪಾಸಣೆ, ಕೂತಲ್ಲೇ ಮಾಡುವ ವ್ಯಾಯಾಮ, ಇಸ್ಪೀಟು ಅಥವಾ ಮಾಜಾಂಗ್, ಮಧ್ಯಾಹ್ನದ ಊಟ. ಸ್ನಾನಕ್ಕೂ ಅಲ್ಲೇ ಅನುಕೂಲ. ವೈದ್ಯರೂ ಅದೇ ಕಟ್ಟಡದಲ್ಲಿ ಇರುವುದರಿಂದ ತಪಾಸಣೆಗೆಂದು ಬೇರೊಂದು ದಿನ ಊರು ಸುತ್ತಬೇಕಿಲ್ಲ. ಒಂಟಿತನ ಕಳೆಯಲು ಬನ್ನಿ ಎಂದು ಕರೆದರೆ ಸ್ವಾಭಿಮಾನಿ ಮುದುಕರು ಬರುವುದಿಲ್ಲ. ಮಂಡಿನೋವಿಗೆ ಚಿಕಿತ್ಸೆಯಿದೆ, ಊಟವೂ ಇದೆ ಎಂದರೆ ಬರುತ್ತಾರೆ, ಬಂದ ಮೇಲೆ ಪಕ್ಕದವರೊಡನೆ ಮಾತು ತಾನಾಗಿ ಬೆಳೆಯುತ್ತದೆ. ಸಂಸ್ಥೆಯ ಬಹುಪಾಲು ಯಶಸ್ಸಿಗೆ ಕಾರಣ ಈ ಅರಿವು.

ಆರೈಕೆಯ ತಂಡದ ರಚನೆಯೂ ಗಮನಿಸತಕ್ಕದ್ದು. ವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು, ಫಿಸಿಯೋಥೆರಪಿಸ್ಟರು, ಆಹಾರತಜ್ಞರು ಒಂದೇ ಮೇಜಿಗೆ ಕೂತು ಪ್ರತಿಯೊಬ್ಬ ಹಿರಿಯರ ಬಗ್ಗೆ ಮಾತಾಡುತ್ತಾರೆ. ಮುಂದೆ ರೂಪುಗೊಂಡ ರಾಷ್ಟ್ರೀಯ ನಿಯಮಗಳಲ್ಲಿ ಈ ತಂಡದ ಸದಸ್ಯರ ಪಟ್ಟಿಯಲ್ಲಿ ವ್ಯಾನ್ ಚಾಲಕರೂ ವೈಯಕ್ತಿಕ ಆರೈಕೆಯ ಸಹಾಯಕರೂ ಸೇರಿದರು. ಇದಕ್ಕೆ ಬಲವಾದ ಕಾರಣವಿದೆ. ಕೋಣೆಯ ಬಾಗಿಲು ತಟ್ಟುವವರು ಚಾಲಕರು. ಹಿಂದಿನ ವಾರ ಸಲೀಸಾಗಿ ಮೆಟ್ಟಿಲಿಳಿದವರು ಈಗ ಗೋಡೆ ಹಿಡಿಯುತ್ತಿದ್ದಾರೆ, ಕೋಣೆಯಲ್ಲಿ ಹಳಸಿದ ವಾಸನೆ ಬರುತ್ತಿದೆ, ಪಕ್ಕದ ಸೀಟಿನ ಗೆಳೆಯ ತೀರಿಕೊಂಡ ಮೇಲೆ ಇವರ ಮಾತು ನಿಂತಿದೆ ಎಂಬುದು ಮೊದಲು ಗೊತ್ತಾಗುವುದು ಅವರಿಗೆ. ತಿಂಗಳಿಗೊಮ್ಮೆ ನೋಡುವ ವೈದ್ಯರಿಗೆ ಇದು ಕಾಣದು. ಓದು ಕಡಿಮೆಯಿರುವ ಕೆಲಸಗಾರರ ಕಣ್ಣಿಗೆ ವೈದ್ಯರ ಸಮಾನ ಬೆಲೆ ಕೊಟ್ಟ ಈ ನಿಯಮ ಆರೋಗ್ಯ ಆಡಳಿತದಲ್ಲಿ ಅಪರೂಪದ್ದು.

ಹಣದ ವಿಷಯ ಇಷ್ಟು ಸರಳವಾಗಿರಲಿಲ್ಲ. 1965ರಲ್ಲಿ ಬಂದ ಮೆಡಿಕೇರ್ ವೃದ್ಧರ ಆರೋಗ್ಯ ವಿಮೆ, ಮೆಡಿಕೇಯ್ಡ್ ಬಡವರದ್ದು. ಎರಡೂ ಮಾಡಿದ ಚಿಕಿತ್ಸೆಗೆ ಲೆಕ್ಕ ಹಾಕಿ ಹಣ ಕೊಡುವಂಥವು. ಎಕ್ಸ್‌ರೇಗೆ ದರವಿದೆ, ಆಸ್ಪತ್ರೆಯ ಹಾಸಿಗೆಗೆ ದರವಿದೆ. ಮೆಟ್ಟಿಲಿಳಿಸಿ ಕರೆತಂದದ್ದಕ್ಕೆ, ಊಟದ ಮೇಜಿನಲ್ಲಿ ಅರ್ಧ ಗಂಟೆ ಜೊತೆಗೆ ಕೂತದ್ದಕ್ಕೆ ಬಿಲ್ ಬರೆಯುವ ಅಂಕಣವೇ ಇಲ್ಲ. 1974ರಲ್ಲಿ ಹಗಲು ಆರೈಕೆಗೆ ಮೆಡಿಕೇಯ್ಡ್ ಹಣ ಬರತೊಡಗಿತು. ಮರುವರ್ಷ ಸಾಮಾಜಿಕ ಹಗಲು ಕೇಂದ್ರ, ಮನೆಯಲ್ಲೇ ಆರೈಕೆ, ಮನೆಗೆ ಊಟ, ವಸತಿಗೆ ನೆರವು ಸೇರಿದವು. 1978ರಲ್ಲಿ ಸಂಪೂರ್ಣ ವೈದ್ಯಕೀಯ ಸೇವೆಯೂ ಕೂಡಿಕೊಂಡಿತು. ಕೇಂದ್ರ ಸರ್ಕಾರದ ನಾಲ್ಕು ವರ್ಷಗಳ ಅನುದಾನದ ಬಲದಿಂದ ಈ ಬಿಡಿ ಎಳೆಗಳನ್ನು ಒಂದು ವ್ಯವಸ್ಥೆಯಾಗಿ ನೇಯಲಾಯಿತು.

ನಿಜವಾದ ತಿರುವು 1983ರದು. ಪ್ರತಿ ಸದಸ್ಯರ ತಲೆಗೆ ತಿಂಗಳಿಗೆ ಇಷ್ಟು ಎಂಬ ನಿಗದಿತ ಮೊತ್ತವನ್ನು ಪಡೆದು, ಅದರಲ್ಲೇ ಎಲ್ಲ ಆರೈಕೆಯನ್ನೂ ನಿಭಾಯಿಸುವ ಪ್ರಯೋಗಕ್ಕೆ ಸರ್ಕಾರ ಒಪ್ಪಿತು. ಆಸ್ಪತ್ರೆಯ ಖರ್ಚು ಹೆಚ್ಚಾದರೆ ನಷ್ಟ ಆನ್ ಲೋಕ್‌ನದೇ. ಅಪಾಯ ದೊಡ್ಡದು, ಆದರೆ ಅದರೊಡನೆ ಬಂದ ಸ್ವಾತಂತ್ರ್ಯ ಇನ್ನೂ ದೊಡ್ಡದು. ಕೋಣೆಗೆ ಹಿಡಿಗಂಬಿ ಹಾಕಿಸುವುದು, ಚಳಿಗಾಲಕ್ಕೆ ಹೀಟರ್ ಕೊಡಿಸುವುದು, ವಾರಕ್ಕೆ ಮೂರು ದಿನದ ಬದಲು ಐದು ದಿನ ಕೇಂದ್ರಕ್ಕೆ ಕರೆಸುವುದು, ಇವುಗಳಲ್ಲಿ ಯಾವುದಕ್ಕೂ ಮೇಲಿನವರ ಅಪ್ಪಣೆ ಬೇಡ. ಬಿದ್ದು ಸೊಂಟ ಮುರಿದುಕೊಂಡವರ ಶಸ್ತ್ರಚಿಕಿತ್ಸೆಗಿಂತ ಹಿಡಿಗಂಬಿ ಅಗ್ಗ. ಊಟ ಬಿಟ್ಟು ಹಾಸಿಗೆ ಹಿಡಿದವರನ್ನು ಆಸ್ಪತ್ರೆಗೆ ಸೇರಿಸುವುದಕ್ಕಿಂತ ಜೊತೆಗೂಡಿ ಊಟ ಮಾಡಿಸುವುದು ಅಗ್ಗ. ಸಂಗಾತವು ಧರ್ಮಕಾರ್ಯದ ಬಾಬ್ತಿನಿಂದ ಹೊರಬಂದು ಆರೋಗ್ಯದ ಲೆಕ್ಕಪುಸ್ತಕದೊಳಗೆ ಸೇರಿದ್ದು ಹೀಗೆ.

ಕೋಣೆಯೇ ಕೈತಪ್ಪಿದರೆ ಹಗಲು ಕೇಂದ್ರದಿಂದ ಏನೂ ಆಗದು ಎಂಬುದನ್ನು ಬಡಾವಣೆ ಇದಕ್ಕೆ ಮೊದಲೇ ಕಂಡಿತ್ತು. ಕೆರ್ನಿ ರಸ್ತೆಯ ಇಂಟರ್‌ನ್ಯಾಷನಲ್ ಹೋಟೆಲಿನ ಫಿಲಿಪೀನೀ ಮತ್ತು ಚೀನೀ ವೃದ್ಧರನ್ನು ಹೊರಹಾಕುವ ಯತ್ನ 1968ರಿಂದಲೂ ನಡೆದಿತ್ತು. ಹೊರಹಾಕಲು ಒಪ್ಪದೆ ಶೆರೀಫ್ ರಿಚರ್ಡ್ ಹಾಂಗಿಸ್ಟೊ ಒಮ್ಮೆ ಜೈಲಿಗೂ ಹೋಗಿದ್ದರು. 1977ರ ಆಗಸ್ಟ್ 4ರ ನಸುಕಿನಲ್ಲಿ, ಸಾವಿರಾರು ಜನ ಕೈಕೈ ಹಿಡಿದು ಕಟ್ಟಡದ ಸುತ್ತ ನಿಂತಿದ್ದರೂ, ಪೊಲೀಸರು ಒಳನುಗ್ಗಿ ಅವರನ್ನು ತೆರವು ಮಾಡಿದರು. 1979ರಲ್ಲಿ ಕಟ್ಟಡ ನೆಲಸಮವಾಯಿತು. ಅದೇ ಜಾಗದಲ್ಲಿ ಹಿರಿಯರಿಗೆ ಕಡಿಮೆ ಬಾಡಿಗೆಯ ಹೊಸ ಕಟ್ಟಡ ಎದ್ದದ್ದು 2005ರಲ್ಲಿ. ಹೊರಬಿದ್ದವರಲ್ಲಿ ಹೆಚ್ಚಿನವರು ಆ ವೇಳೆಗೆ ಬದುಕಿರಲಿಲ್ಲ. ಇತ್ತ ಆನ್ ಲೋಕ್ ತಾನೇ 1980ರಲ್ಲಿ ಪೊವೆಲ್ ರಸ್ತೆಯಲ್ಲಿ ಹಿರಿಯರ ವಸತಿಗೃಹವನ್ನು ತೆರೆಯಿತು.

ಪ್ರಯೋಗವನ್ನು ಬೇರೆ ಊರುಗಳಿಗೆ ಒಯ್ಯಲು 1986ರಲ್ಲಿ ಅಮೆರಿಕ ಸಂಸತ್ತು ಹತ್ತು ಸಂಸ್ಥೆಗಳಿಗೆ ಅನುಮತಿ ಕೊಟ್ಟಿತು. ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನದಂಥ ದಾನಿ ಸಂಸ್ಥೆಗಳು ನೆರವಾದವು. 1990ರಲ್ಲಿ ಮೊದಲ ಪೇಸ್ ಕೇಂದ್ರಗಳಿಗೆ ಮೆಡಿಕೇರ್ ಮತ್ತು ಮೆಡಿಕೇಯ್ಡ್ ಎರಡರ ವಿಶೇಷ ವಿನಾಯಿತಿ ದೊರೆಯಿತು. 1994ರಲ್ಲಿ ಅವುಗಳ ರಾಷ್ಟ್ರೀಯ ಸಂಘ ರಚನೆಯಾಯಿತು. 1997ರ ಆಯವ್ಯಯ ಸಮತೋಲನ ಕಾಯ್ದೆ ಪೇಸ್ ಅನ್ನು ಶಾಶ್ವತ ವ್ಯವಸ್ಥೆಯಾಗಿ ಮಾಡಿತು. ಪೇಸ್ ಸೇರಲು ವಯಸ್ಸು 55 ತುಂಬಿರಬೇಕು, ಶುಶ್ರೂಷಾ ನಿಲಯಕ್ಕೆ ಸೇರಿಸಬೇಕಾದಷ್ಟು ದುರ್ಬಲತೆ ಇದೆಯೆಂದು ರಾಜ್ಯ ಪ್ರಮಾಣೀಕರಿಸಬೇಕು, ಕೇಂದ್ರದ ವ್ಯಾಪ್ತಿಯಲ್ಲಿ ಮನೆಯಿರಬೇಕು, ಸೇರುವ ಹೊತ್ತಿಗೆ ಮನೆಯಲ್ಲಿ ಸುರಕ್ಷಿತವಾಗಿ ಇರಲು ಸಾಧ್ಯವಿರಬೇಕು. ಚೈನಾಟೌನ್ ಮತ್ತು ನಾರ್ತ್ ಬೀಚಿನ ವಲಸಿಗರಿಗಾಗಿ ಹುಟ್ಟಿದ ಪದ್ಧತಿ ಇಂದು 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಎಲ್ಲ ಜನಾಂಗದ ವೃದ್ಧರಿಗೆ ಒದಗುತ್ತಿದೆ.

ಅದೇ ಕಾಲದ ಇನ್ನೊಂದು ಕಾಯ್ದೆ ವಲಸೆ ಬಂದ ಹಿರಿಯರನ್ನು ನಡುಗಿಸಿತ್ತು. 1996ರ ಆಗಸ್ಟ್ 22ರಂದು ಸಹಿಯಾದ ಕಲ್ಯಾಣ ಯೋಜನೆಗಳ ಸುಧಾರಣಾ ಕಾಯ್ದೆ ಪೌರತ್ವ ಇಲ್ಲದವರಿಗೆ ಬಡ ವೃದ್ಧರ ಮಾಸಿಕ ನೆರವನ್ನು ನಿಲ್ಲಿಸಲು ಹೊರಟಿತು. ಮರುವರ್ಷದ ಆಯವ್ಯಯ ಕಾಯ್ದೆಯೇ, ಆ ದಿನಾಂಕದಂದು ನೆರವು ಪಡೆಯುತ್ತಿದ್ದವರ ಮಟ್ಟಿಗೆ, ಅದನ್ನು ಉಳಿಸಿಕೊಟ್ಟಿತು. ನಂತರ ಬಂದವರಿಗೆ ಬಹುಪಾಲು ಪೌರತ್ವವೇ ದಾರಿ. ಐವತ್ತು ದಾಟಿ ಕಾಯಂ ವಾಸಿಗಳಾಗಿ 20 ವರ್ಷ, ಅಥವಾ ಐವತ್ತೈದು ದಾಟಿ 15 ವರ್ಷ ಕಳೆದವರು ಪೌರತ್ವದ ಪರೀಕ್ಷೆಗೆ ಇಂಗ್ಲಿಷಿನ ಬದಲು ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಮುಪ್ಪಿನಲ್ಲಿ ಬಂದಿಳಿದವರಿಗೆ ಈ ರಿಯಾಯಿತಿ ಬೇಗ ಸಿಗುವಂಥದ್ದಲ್ಲ.

ಒಂಟಿತನ ಆರೋಗ್ಯದ ಪ್ರಶ್ನೆ ಎಂಬ ಮಾತು ಅಧಿಕೃತ ವರದಿಗಳಿಗೆ ಬಂದದ್ದು ಇನ್ನೂ ತಡವಾಗಿ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2020ರ ವರದಿಯ ಪ್ರಕಾರ ಮನೆಯಲ್ಲೇ ವಾಸಿಸುವ, 65 ದಾಟಿದ ಅಮೆರಿಕನ್ನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಸಾಮಾಜಿಕವಾಗಿ ಪ್ರತ್ಯೇಕಗೊಂಡವರು. ಹೆಚ್ಚಿನ ಅಪಾಯದಲ್ಲಿರುವವರ ಪೈಕಿ ವಲಸಿಗರನ್ನೂ ಅದು ಹೆಸರಿಸಿತು. 2023ರಲ್ಲಿ ಅಮೆರಿಕದ ಅಂದಿನ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿ ಒಂಟಿತನವನ್ನು ಸಾಂಕ್ರಾಮಿಕವೆಂದು ಕರೆದು ಸಾರ್ವಜನಿಕ ಎಚ್ಚರಿಕೆ ಹೊರಡಿಸಿದರು. ಅವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಈ ಎರಡು ದಾಖಲೆಗಳ ನಡುವೆ ಕೋವಿಡ್ ಬಂತು. 2020ರ ಮಾರ್ಚ್‌ನಲ್ಲಿ ಹಗಲು ಕೇಂದ್ರಗಳು ಮುಚ್ಚಿದವು. ವ್ಯಾನುಗಳು ಜನರನ್ನು ತರುವ ಬದಲು ಊಟವನ್ನೂ ಔಷಧವನ್ನೂ ಮನೆಗೆ ಒಯ್ದವು. ಸಿಬ್ಬಂದಿ ಫೋನಿನಲ್ಲಿ ಕ್ಷೇಮ ವಿಚಾರಿಸಿದರು. ಆಹಾರ, ಔಷಧ ತಪ್ಪಲಿಲ್ಲ, ಕೂಟ ತಪ್ಪಿತು. ಜೊತೆಗೆ ಏಷ್ಯಾ ಮೂಲದ ವೃದ್ಧರ ಮೇಲೆ ಬೀದಿಗಳಲ್ಲಿ ನಡೆದ ಹಲ್ಲೆಗಳಿಂದ ಹೆದರಿ ಅನೇಕರು ನಿರ್ಬಂಧ ಸಡಿಲವಾದ ಮೇಲೂ ಹೊರಬರಲು ಹಿಂಜರಿದರು.

ಈ ನಡುವೆ ಆನ್ ಲೋಕ್ ತನ್ನ ಹುಟ್ಟಿದ ಬೀದಿಗಳನ್ನು ದಾಟಿ ಬೆಳೆದಿದೆ. ಸ್ಯಾನ್ ಫ್ರಾನ್ಸಿಸ್ಕೋದ 30ನೇ ರಸ್ತೆಯ ಹಿರಿಯರ ಕೇಂದ್ರದಲ್ಲಿ ಸ್ಪ್ಯಾನಿಷ್ ಮಾತಾಡುವವರು ಬಹಳ. ಫ್ರೀಮಾಂಟ್ ಮತ್ತು ಸ್ಯಾನ್ ಹೋಸೆಗಳಲ್ಲೂ ಸೇವೆ ಇದೆ. ಕನ್ನಡಿಗರೂ ಸೇರಿದಂತೆ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಸೀಮೆ ಅದು. ಅಲ್ಲಿನ ಭಾರತೀಯ ತಂದೆತಾಯಂದಿರ ಒಂಟಿತನದ ಚಹರೆ ಚೈನಾಟೌನಿನದಕ್ಕಿಂತ ಬೇರೆ. ಮಗ ಅಥವಾ ಮಗಳ ವಿಶಾಲವಾದ ಮನೆ, ಮೊಮ್ಮಕ್ಕಳು, ಊಟ ಬಟ್ಟೆಗೆ ಕೊರತೆಯಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟರೆ ಸಂಜೆಯವರೆಗೆ ಮಾತಿಗೆ ಜನವಿಲ್ಲ. ಕಾರು ಓಡಿಸಲು ಬಾರದು, ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಗಡಿಯಾಗಲಿ ದೇವಸ್ಥಾನವಾಗಲಿ ಇಲ್ಲ, ಬಸ್ಸು ವಿರಳ. ಊರಿನಲ್ಲಿ ಮೇಷ್ಟರು, ಅಧಿಕಾರಿ ಎಂದು ನಾಲ್ಕು ಜನ ನಿಂತು ಮಾತಾಡಿಸುತ್ತಿದ್ದವರು ಇಲ್ಲಿ ಔಷಧದಂಗಡಿಗೆ ಹೋಗಲೂ ಮಕ್ಕಳ ಬಿಡುವನ್ನು ಕಾಯಬೇಕು. ಕೆಲಸದ ದಾಖಲೆ ಇಲ್ಲದ ಇಂಥವರು ಕಾಯಂ ನಿವಾಸಿಗಳಾಗಿ ಐದು ವರ್ಷ ಸತತ ವಾಸಿಸಿದ ಮೇಲಷ್ಟೇ, ಅದೂ ಕಂತು ಕಟ್ಟಿ, ಮೆಡಿಕೇರ್ ಸೇರಬಹುದು.

ಪೇಸ್ ವ್ಯವಸ್ಥೆ ಇವರಲ್ಲಿ ಹೆಚ್ಚಿನವರನ್ನು ಮುಟ್ಟುವುದಿಲ್ಲ. ಅದು ದುರ್ಬಲರಿಗಾಗಿ ಇರುವಂಥದ್ದು. ಗಟ್ಟಿಮುಟ್ಟಾಗಿದ್ದೂ ಒಂಟಿಯಾಗಿರುವವರಿಗೆ ಅದರಲ್ಲಿ ಜಾಗವಿಲ್ಲ. ಮೆಡಿಕೇಯ್ಡ್‌ಗೆ ಅರ್ಹರಾಗದ ಮಧ್ಯಮ ವರ್ಗದವರು ಸೇರಬೇಕಾದರೆ ಪ್ರತಿ ತಿಂಗಳೂ ಕೈಯಿಂದ ಕಟ್ಟಬೇಕಾದ ಮೊತ್ತ ಭಾರವಾದದ್ದು. ಆ ತೆರವನ್ನು ಹಿರಿಯರೇ ತಮಗೆ ಆದಷ್ಟು ತುಂಬಿಕೊಂಡಿದ್ದಾರೆ. ಫ್ರೀಮಾಂಟಿನ ಒಂದು ಮಾಲ್‌ನಲ್ಲಿ ಕೂಡುತ್ತಿದ್ದ ಭಾರತೀಯ ವೃದ್ಧರ 'ಹಂಡ್ರೆಡ್ ಇಯರ್ಸ್ ಲಿವಿಂಗ್ ಕ್ಲಬ್' 2009ರಲ್ಲಿ ಅಮೆರಿಕದ ಪತ್ರಿಕೆಗಳ ಗಮನ ಸೆಳೆಯಿತು. 2003ರಲ್ಲಿ ಮಿಲ್ಪಿಟಸ್‌ನಲ್ಲಿ ಆರಂಭವಾದ ಇಂಡಿಯಾ ಕಮ್ಯುನಿಟಿ ಸೆಂಟರ್ ಹಿರಿಯರಿಗಾಗಿ ಯೋಗ, ಉಪನ್ಯಾಸ, ಊಟದ ಏರ್ಪಾಡು ನಡೆಸುತ್ತದೆ. ಫ್ರೀಮಾಂಟ್ ನಗರಾಡಳಿತ ಇನ್ನೊಂದು ದಾರಿ ಹಿಡಿಯಿತು: ಬೇರೆ ಬೇರೆ ಭಾಷೆ ಮತ್ತು ಧರ್ಮದ ಸಂಘಗಳಿಂದ ಸ್ವಯಂಸೇವಕರನ್ನು ಆರಿಸಿ, ಸರ್ಕಾರಿ ಸವಲತ್ತು, ಬಸ್ ಪಾಸು, ವೈದ್ಯಕೀಯ ನೆರವುಗಳ ತರಬೇತಿ ಕೊಟ್ಟು, 'ಕಮ್ಯುನಿಟಿ ಅಂಬಾಸಡರ್' ಎಂಬ ಹೆಸರಿನಲ್ಲಿ ಅವರವರ ಸಮುದಾಯಕ್ಕೇ ಕಳಿಸುತ್ತದೆ. ಗುರುದ್ವಾರದಲ್ಲಿ, ಚರ್ಚಿನಲ್ಲಿ, ಹಿರಿಯರ ಸಂಘದಲ್ಲಿ ಪರಿಚಿತರೇ ಬಂದು ತಮ್ಮ ಭಾಷೆಯಲ್ಲಿ ಅರ್ಜಿ ತುಂಬಿಸಿಕೊಡುತ್ತಾರೆ.